ನೂರ ಮೂವತ್ತಾರನೆಯ ಸಾಲು

ಆ ಗುರುವಾರ ಬೆಳಿಗ್ಗೆ ನಾನು ಇಂಡಿ ಊರಿನ ನಿಂಬೆ ಶೆಡ್ಡಿನೊಳಗೆ ಕಾಲಿಟ್ಟಾಗ ನೆಲದ ಮೇಲೆ ಒಂದು ಚೀಲ ನಿಂಬೆ ಸುರಿದಿತ್ತು. ಸುರಿದವರು ಮಾಸ್ತರರು. ಚೀಲದ ಬಾಯಿಗೆ ಹೊಲಿದಿದ್ದ ಹಸಿರು ದಾರ ಇನ್ನೂ ಅವರ ಕೈಯಲ್ಲೇ ಇತ್ತು. ಸುತ್ತ ಏಳೆಂಟು ಜನ ಹೆಂಗಸರು ನಿಂತಿದ್ದರು.

ಮಾಸ್ತರರು ಆ ಶೆಡ್ಡು ನಡೆಸುವ ನಿಂಬೆ ಬೆಳೆಗಾರರ ಸಂಘದ ಮುಖ್ಯಸ್ಥರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅಂದು ಎರಡೂ ಬರುತ್ತಿದ್ದವು.

"ಅರೇ, ಹೇ ಕಾಯ್? ಏನಿದು? ಚಿಕ್ಕಿ ಬಿದ್ದ ಕಾಯಿ ಮ್ಯಾಲಿನ ಮಾಲಿನಾಗ ಹೆಂಗ ಬಂತು? ಮಾರ್ಕೆಟ್‌ನ್ಯಾಗ ಮೂರು ಚೀಲ ಬಿಚ್ಚಿ ನೋಡ್ಯಾರ. ಹಸರ ದಾರದ ಚೀಲ! ಎಲ್ಲಾರ ಮುಂದ!"

ಆ ಶೆಡ್ಡಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕೊನೆಯ ಮೇಜಿನಲ್ಲಿ ಕುಳಿತು ಚೀಲವನ್ನು ಪಾಸು ಮಾಡುವ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ. ಯಾರು ನೋಡಿ ತುಂಬಿಸಿದರೋ ಅವರ ದಾರದಿಂದಲೇ ಚೀಲದ ಬಾಯಿ ಹೊಲಿಯಬೇಕು. ಹಸಿರು ದಾರ ಚಾಚಿಯದು. ಊರಿನ ಹಳೆಯ ಮುಸ್ಲಿಂ ಮನೆತನದ ಹೆಂಗಸು, ಹದಿನಾರನೇ ವಯಸ್ಸಿನಿಂದ ನಿಂಬೆ ಆರಿಸುತ್ತ ಬಂದವರು, ಈಗ ಐವತ್ತು ದಾಟಿದ್ದಾರೆ. ಶೆಡ್ಡಿನಲ್ಲಿ ಎಲ್ಲರಿಗೂ ಚಾಚಿಯೇ, ಮಾಸ್ತರರಿಗೂ. ಹಸಿರು ದಾರ ಕಂಡರೆ ವ್ಯಾಪಾರಿಗಳು ಚೀಲ ಬಿಚ್ಚುವುದಿಲ್ಲ, ಎತ್ತಿ ಲಾರಿಗೆ ಹಾಕುತ್ತಾರೆ. ಹಾಗೆ ನಡೆದುಕೊಂಡು ಬಂದಿತ್ತು, ಆ ವಾರದವರೆಗೆ.

ಮಾಸ್ತರರು ನನ್ನ ಕಡೆ ತಿರುಗಿದರು. ಯಾಕೆಂದರೆ ವಿಂಗಡಿಸುವ ಯಂತ್ರ ನನ್ನದು. ಅದರ ಚೌಕಟ್ಟು, ಸರಪಳಿ ಸಿಂದಗಿಯ ಮೇಸ್ತ್ರಿಯ ಕೈಕೆಲಸ. ಗಾಳಿ ತುಂಬುವ ಕಂಪ್ರೆಸರ್ ಮುದ್ದೇಬಿಹಾಳದ ಕಡೆಯ ಹತ್ತಿ ಜಿನ್ನಿಂಗ್ ಗಿರಣಿಯೊಂದರಿಂದ ಬಂದ ಹಳೆಯ ಮಾಲು. ಒಳಗಿನ ಕಂಪ್ಯೂಟರು ಮತ್ತು ಅದರ ಬುದ್ಧಿ ಮಾತ್ರ ನನ್ನದು, ಬಸವನ ಬಾಗೇವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಬರೆದದ್ದು. ಸರಪಳಿಯ ಮೇಲೆ ಸಾಲಾಗಿ ಬಟ್ಟಲುಗಳು, ಬಟ್ಟಲಿಗೊಂದು ನಿಂಬೆ. ಸೆಕೆಂಡಿಗೆ ಆರು ಬಟ್ಟಲು ಕ್ಯಾಮೆರಾದ ಕೆಳಗೆ ದಾಟುತ್ತವೆ. ಚಿಕ್ಕಿ, ಅಂದರೆ ಕಲೆ, ಬಿದ್ದದ್ದು ಅಥವಾ ಸಣ್ಣದು ಕಂಡರೆ ಕಂಪ್ಯೂಟರು ಸ್ವಲ್ಪ ಮುಂದಿರುವ ಗಾಳಿಯ ನಳಿಗೆಗೆ ಹೇಳುತ್ತದೆ. ಆ ಬಟ್ಟಲು ನಳಿಗೆಯ ಎದುರು ಬಂದ ಗಳಿಗೆಗೆ ಸರಿಯಾಗಿ ಅದು 'ಪುಸ್' ಎಂದು ಊದಿ ಕಾಯಿಯನ್ನು ಪಕ್ಕದ ಡೋಣಿಗೆ, ಅಂದರೆ ಉದ್ದನೆಯ ತೊಟ್ಟಿಗೆ, ಹಾರಿಸುತ್ತದೆ. ಉಳಿದದ್ದು ಚಾಚಿಯ ಮೇಜಿಗೆ. ನಳಿಗೆಗೆ ಶೆಡ್ಡಿನವರಿಟ್ಟ ಹೆಸರು ಪೀಪಿ.

ಆಗ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ನೆಟ್ಟಗೆ ಯಂತ್ರದ ಹತ್ತಿರ ಹೋದೆ, ಚಾಲೂ ಮಾಡಿದೆ, ಐದು ನಿಮಿಷ ನೋಡಿದೆ. ಒಂದೂ ತಪ್ಪಲಿಲ್ಲ.

"ಯಂತ್ರ ಬರೋಬರಿ ಐತ್ರಿ ಮಾಸ್ತರ. ಕೊನೀ ಮೇಜಿನ್ಯಾಗ ಏನಾಗತೈತಿ ನೋಡ್ರಿ," ಎಂದೆ.

ಚಾಚಿ ನನ್ನ ಮುಖ ನೋಡಿದರು. ಮಾಸ್ತರರು ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಕೊನೆಗೆ ಹೇಳಿದರು: "ಸೋಮವಾರದಿಂದ ಎಲ್ಲಾ ಚೀಲಕ್ಕೂ ಬಿಳಿ ದಾರ. ಯಾರ ಹೆಸರೂ ಬ್ಯಾಡ. ಚಾಚಿ, ನೀವೂ ಅಷ್ಟ."

ಅಂದರೆ ನಾಲ್ಕು ದಿನ ಉಳಿದಿತ್ತು.

ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಪೀಪಿ ತಪ್ಪು ಕಾಯಿಗೆ ಊದುತ್ತಿತ್ತು. ಒಂದಲ್ಲ, ಸಾಲು ಸಾಲಾಗಿ. ಚಿಕ್ಕಿ ಬಿದ್ದದ್ದು ಆರಾಮವಾಗಿ ಮುಂದೆ ಹೋಗುತ್ತಿತ್ತು, ಅದರ ಹಿಂದಿನ ಹಿಂದಿನ ಬಟ್ಟಲಿನ ಹಳದಿ ಚಂದದ ನಿಂಬೆ ಹಾರಿ ಡೋಣಿಗೆ ಬೀಳುತ್ತಿತ್ತು. ಕೊನೆಯ ಮೇಜಿನಲ್ಲಿ ಆ ವೇಗಕ್ಕೆ ಯಾವ ಕಣ್ಣಾದರೂ ಎಷ್ಟೆಂದು ಹಿಡಿದೀತು? ಬೆಳಿಗ್ಗೆ ಎಲ್ಲರೆದುರು ಆಡಿದ ಮಾತು ಸುಳ್ಳಾಗಿತ್ತು. ಆದರೂ ಆಗಲೇ ಹೋಗಿ ಚಾಚಿಯ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಮೊದಲು ಕಾರಣ ಹುಡುಕಿ ಆಮೇಲೆ ಹೇಳೋಣ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಸಿಂದಗಿಯಿಂದ ಮೇಸ್ತ್ರಿ ಬಂದರು. ಬಂದವರೇ ಪೀಪಿಯ ಕವಾಟ ಬಿಚ್ಚಿ, ಸ್ಪ್ರಿಂಗನ್ನು ಹಲ್ಲಿನಿಂದ ಕಚ್ಚಿ ನೋಡಿ, "ಇದು ಸತ್ತೈತ್ರಿ ಬಾಯಾರ" ಎಂದು ತೀರ್ಪು ಕೊಟ್ಟರು. ಅವರು ನನ್ನನ್ನು ಕರೆಯುವುದೇ 'ಬಾಯಾರ', ಮೇಡಂ ಎಂದಂತೆ. ಹೊಸ ಸ್ಪ್ರಿಂಗ್ ಹಾಕಿ ಚಾಲೂ ಮಾಡಿದೆವು. ಸರಿಯಾಯಿತು! ಮೇಸ್ತ್ರಿ ಮೀಸೆ ತಿರುವಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹಾಡು.

ಬಂದ್ ಮಾಡಿ ಕ್ಯಾಮೆರಾದ ಗಾಜು ಒರೆಸಿದೆವು. ಸರಿಯಾಯಿತು, ಮತ್ತೆ ಕೆಟ್ಟಿತು. ಬಂದ್ ಮಾಡಿ ತಂತಿ ಬದಲಿಸಿದೆವು. ಸರಿಯಾಯಿತು, ಕೆಟ್ಟಿತು. ಏನು ಮಾಡಿದರೂ ಮೊದಲಿಗೆ ಸರಿಯಾಗುತ್ತಿತ್ತು. ಅಂಥ ರೋಗಕ್ಕಿಂತ ಕಷ್ಟದ್ದು ಬೇರೆ ಇಲ್ಲ, ಎಲ್ಲ ಔಷಧಿಯೂ ನಾಟಿದ ಹಾಗೇ ಕಾಣುತ್ತದೆ.

"ಬಿಸಿ ಆಗಾಕತ್ತೈತಿ," ಎಂದೆ. ಹೊರಗೆ ನಮ್ಮ ಕಡೆಯ ಏಪ್ರಿಲ್ ಬಿಸಿಲು, ಮೇಲೆ ತಗಡು. ಮೇಸ್ತ್ರಿ ಎಲ್ಲಿಂದಲೋ ಒಂದು ದೊಡ್ಡ ಕೂಲರ್ ತಂದು ಕಂಪ್ಯೂಟರಿನ ಮುಖಕ್ಕೆ ಹಿಡಿದರು. ಕಂಪ್ಯೂಟರು ತಣ್ಣಗಾಯಿತು, ನಾವೂ ತಣ್ಣಗಾದೆವು, ಪೀಪಿ ಮಾತ್ರ ತಪ್ಪುತ್ತಲೇ ಇತ್ತು.

ಶುಕ್ರವಾರ ವಿಜಯಪುರದಲ್ಲಿ ಬಸ್ಸು ಬದಲಿಸಿ ಶೆಡ್ಡಿಗೆ ಬರುವಷ್ಟರಲ್ಲಿ ಹತ್ತು ಹೊಡೆದಿತ್ತು. ಹೊರ್ತಿ ಕಡೆಯಿಂದ ಬಂದ ಟಂಟಂ ಆಟೋಗಳು ಬಾಗಿಲಲ್ಲಿ ನಿಂತಿದ್ದವು. ಚಾಚಿ ಮೇಜಿನ ಮುಂದೆ ಕುಳಿತು ಕೈ ಆಡಿಸುತ್ತಿದ್ದರು. ಅವರ ಕಣ್ಣು ಮಾತ್ರ ಕಾಯಿಯ ಮೇಲೆ ಇರಲಿಲ್ಲ, ಎದುರಿನ ಗೋಡೆಯ ಟೀವಿಯ ಮೇಲೆ ಇತ್ತು.

ಈ ಟೀವಿಯ ವಿಷಯ. ಮೊದಲು ಯಂತ್ರಕ್ಕೆ ಹಳೆಯದೊಂದು ಸಣ್ಣ ಮಾನಿಟರ್ ಇತ್ತು. ನಾನು ಪೀಪಿಗಾಗಿ ಬರೆದ ಕೋಡು, ಒಂದೊಂದು ಕಾಯಿ ಹಾರಿಸುವ ಮೊದಲೂ ಅದರ ಮೇಲೆ ಒಂದು ಸಾಲು ಬರೆಯುತ್ತಿತ್ತು: ಎಷ್ಟನೇ ಬಟ್ಟಲು, ಎಷ್ಟು ದಪ್ಪ, ಎಷ್ಟು ಚಿಕ್ಕಿ. ಅದು ನನ್ನ ಪರೀಕ್ಷೆಗಾಗಿ ಇಟ್ಟದ್ದು. ಊದುವ ಮೊದಲೇ ಬರೆದರೆ, ಎಲ್ಲಾದರೂ ಯಂತ್ರ ಸ್ತಬ್ಧವಾದಾಗ ಕೊನೆಯದಾಗಿ ಏನು ಮಾಡಹೊರಟಿತ್ತು ಎಂದು ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಬೇಕಿತ್ತು, ತೆಗೆಯಲಿಲ್ಲ. ಮಾಸ್ತರರಿಗೆ ಆ ಓಡುವ ಅಕ್ಷರಗಳೆಂದರೆ ಬಲು ಪ್ರೀತಿ. ಹಿಂದಿನ ವಾರ ಸಂಘದ ಸಭೆಗೆ ಜನ ಬರುವವರಿದ್ದಾಗ, ಸಣ್ಣ ಮಾನಿಟರ್ ಕಿತ್ತು, ಬಾಗಿಲಗಲದ ಹೊಸ ಟೀವಿ ತಂದು ಗೋಡೆಗೆ ಹಾಕಿಸಿದ್ದರು. "ಯಂತ್ರ ಮಾತಾಡೂದು ನಾಲ್ಕು ಮಂದಿಗೆ ಕಾಣಬೇಕಲ್ಲಾ!" ನಾನೂ ನಕ್ಕು ತಲೆಯಾಡಿಸಿದ್ದೆ.

ಚಾಚಿ ಟೀವಿಯಿಂದ ಕಣ್ಣು ಕೀಳದೆ ಕರೆದರು. "ತಂಗಿ, ಇಲ್ಲಿ ಬಾ. ಬಂದ್ ಮಾಡಿ ಚಾಲೂ ಮಾಡು."

ಮಾಡಿದೆ. ಯಂತ್ರ ಹೊಸದಾಗಿ ಶುರುವಾದಾಗ ನನ್ನ ಕೋಡು ಪರದೆಯನ್ನು ಒರೆಸಿ ಮೇಲಿನಿಂದ ಬರೆಯತೊಡಗುತ್ತದೆ. ಒಂದು ಸಾಲು, ಅದರ ಕೆಳಗೆ ಇನ್ನೊಂದು. ಪೀಪಿ ಒಂದೂ ತಪ್ಪಲಿಲ್ಲ.

"ಈಗ ಶಾಣ್ಯಾ ಐತಿ. ಅಕ್ಷರ ತಳಕ್ಕ ಮುಟ್ಟೂತನಾ ಹಿಂಗ ಶಾಣ್ಯಾನ ಇರ್ತೈತಿ. ತಳಾ ಮುಟ್ಟಿ ಮ್ಯಾಲ ಏರಾಕ ಹತ್ತಿದ್ವು ಅಂದ್ರ ಪೀಪಿ ತಪ್ಪತೈತಿ. ನೀ ನೋಡು ಬೇಕಾದ್ರ."

ನಾನು ನಕ್ಕುಬಿಟ್ಟೆ. "ಚಾಚಿ, ಅದು ಬರೇ ತೋರಸೂದ್ರಿ. ಟೀವಿಗೂ ಪೀಪಿಗೂ ಏನ್ ಸಂಬಂಧ?"

"ಸಂಬಂಧ ನೀ ಹೇಳಬೇಕು. ನಾ ಕಂಡದ್ದು ಹೇಳೇನಿ."

ಪರದೆಯಲ್ಲಿ ನೂರ ಮೂವತ್ತೈದು ಸಾಲು ಹಿಡಿಯುತ್ತವೆ. ಚಾಚಿ ಎಣಿಸತೊಡಗಿದರು, ಪಕ್ಕದ ಹೆಂಗಸರೂ ಸೇರಿಕೊಂಡರು, ಯಾರೋ ಬಾಗಿಲಲ್ಲಿ ಕಾಯಿ ಇಳಿಸುತ್ತಿದ್ದವರೂ ಬಂದು ನಿಂತರು. ನೂರು. ನೂರ ಇಪ್ಪತ್ತು. ಪೀಪಿ ಪುಸ್, ಪುಸ್ ಎಂದು ಚಿಕ್ಕಿಯ ಕಾಯಿಗಳನ್ನಷ್ಟೇ ಹಾರಿಸುತ್ತಿತ್ತು. ನೂರ ಮೂವತ್ತೈದನೆಯ ಸಾಲು ತಳದಲ್ಲಿ ಮೂಡಿತು, ಕಾಯಿ ಸರಿಯಾಗಿ ಹಾರಿತು. ಮುಂದಿನ ಸಾಲಿಗೆ ಜಾಗವಿರಲಿಲ್ಲ. ಇಡೀ ಪರದೆಯೇ ಒಂದು ಸಾಲು ಮೇಲಕ್ಕೆ ಸರಿಯಿತು. ಚಿಕ್ಕಿಯ ಕಾಯಿ ಪೀಪಿಯನ್ನು ದಾಟಿ ಹೋಯಿತು. ಆಮೇಲೆ ಪುಸ್ ಎಂದಿತು, ಚಂದದ ನಿಂಬೆಯೊಂದು ಡೋಣಿಗೆ ಬಿತ್ತು.

ನಂಬಲಾಗದೆ ಕೀಲಿಮಣೆಗೆ ಹೋಗಿ, ಯಂತ್ರ ನಿಲ್ಲಿಸದೆ ಪರದೆಯನ್ನಷ್ಟೇ ಒರೆಸಿದೆ. ಪೀಪಿ ಆ ಕ್ಷಣದಿಂದಲೇ ಸರಿಹೋಯಿತು. ಮತ್ತೆ ಎಣಿಸಿದೆವು. ಮತ್ತೆ ನೂರ ಮೂವತ್ತಾರಕ್ಕೆ ತಪ್ಪಿತು. ಮೂರನೇ ಸಲವೂ ಅಷ್ಟೇ. ಸ್ಪ್ರಿಂಗ್ ಅಲ್ಲ, ಗಾಜಲ್ಲ, ಬಿಸಿಯಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಇಂಥ ಸ್ವಚ್ಛ ರೋಗಲಕ್ಷಣವನ್ನು ಯಾರೂ ನನ್ನ ಕೈಗೆ ಇಟ್ಟಿರಲಿಲ್ಲ. ಚಾಚಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ.

ಅಲ್ಲೇ, ಎಲ್ಲರ ಎದುರೇ ಹೇಳಿದೆ. "ನಿನ್ನೆ ನಾ ಆಡಿದ ಮಾತು ತಪ್ಪಾತ್ರಿ ಚಾಚಿ. ತಪ್ಪು ನಿಮ್ಮ ಮೇಜಿಂದಲ್ಲ, ನಂದು."

"ಹೌದಲ್ಲಾ," ಎಂದರು ಚಾಚಿ. ಅಷ್ಟೇ. ಮತ್ತೆ ಕಾಯಿ ಆರಿಸಲು ಕೂತರು.

ಕಂಪ್ಯೂಟರಿನೊಳಗೆ ಎಲ್ಲಕ್ಕೂ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಪೀಪಿ ನಡೆಸುವ ನನ್ನ ಕೋಡು ಇರುವುದೂ ಅದರೊಳಗೇ. ಅಲ್ಲಿಂದ ಒಂದು ಸಾಲು ಬರೆಸಬೇಕೆಂದರೆ, ಆ ಸಾಲು ಪರದೆಯ ಮೇಲೆ ಮೂಡುವ ತನಕ ಬರೆಸಿದವರೇ ಕಾಯಬೇಕು. ನಮ್ಮ ಯಂತ್ರದಲ್ಲಿದ್ದ ಸ್ವಲ್ಪ ಹಳೆಯ ಕರ್ನಲಿನ ರೀತಿ ಅದು. ಸಾಲು ಬೇಗ ಮೂಡಿದರೆ ಕಾದದ್ದು ಗೊತ್ತೇ ಆಗುವುದಿಲ್ಲ. ಪರದೆ ತುಂಬಿದ ಮೇಲೆ ಒಂದು ಸಾಲು ಮೂಡಲು ಬಹಳ ಹೊತ್ತು ಹಿಡಿಯುತ್ತಿದೆ, ಅಷ್ಟು ಹೊತ್ತು ಪೀಪಿ ಊದದೆ ನಿಂತಿದೆ, ಅಷ್ಟರಲ್ಲಿ ಬಟ್ಟಲು ದಾಟಿದೆ. ಇಷ್ಟು ಅರ್ಥವಾಯಿತು. ಯಾಕೆ ಅಷ್ಟು ಹೊತ್ತು ಎಂಬುದು ಅರ್ಥವಾಗಲಿಲ್ಲ.

ಅರ್ಥವಾಗಬೇಕಾದ ಅಗತ್ಯವೂ ಇರಲಿಲ್ಲ. ಒಂದು ಆಜ್ಞೆ ಒತ್ತಿ ಸಾಲುಗಳನ್ನೇ ನಿಲ್ಲಿಸಿದೆ. ಟೀವಿ ಮೌನವಾಯಿತು, ಪೀಪಿ ಸರಿಹೋಯಿತು. ಅರ್ಧ ಗಂಟೆ ನೋಡಿದರೂ ಒಂದೇ ಒಂದು ಕಾಯಿ ತಪ್ಪಲಿಲ್ಲ. ಮಾಸ್ತರರು ಟೀವಿಯ ಕಡೆ ನೋಡಿ ಸಣ್ಣಗೆ ನಿಟ್ಟುಸಿರು ಬಿಟ್ಟರೂ, "ಹೋಗ್ಲಿ ಬಿಡವಾ, ಕೆಲಸ ಆತಲ್ಲಾ" ಎಂದರು. ನಾನು ಚೀಲಕ್ಕೆ ಲ್ಯಾಪ್‌ಟಾಪ್ ತುಂಬಿ ನಾಲ್ಕರ ಬಸ್ಸಿಗೆ ಹೊರಟೆ.

ಬಾಗಿಲ ತನಕ ಬಂದಿರಲಿಲ್ಲ, ಚಾಚಿ ಎದ್ದು ನಿಂತರು. "ನಾ ಇನ್ನ ಚೀಲ ಪಾಸ್ ಮಾಡಂಗಿಲ್ಲ."

"ಯಾಕ್ರಿ? ಈಗ ತಪ್ಪಾಕತ್ತಿಲ್ಲಲ್ಲಾ?" ಎಂದರು ಮಾಸ್ತರರು.

"ಈಗ ತಪ್ಪಾಕತ್ತಿಲ್ಲ. ನಾಳೆ ತಪ್ಪಿದ್ರ ನನಗ ಹೆಂಗ ತಿಳೀಬೇಕು? ಕಾಯಿ ಹರೀತಾವ, ಎಲ್ಲಾ ನೋಡಾಕ ಆಗೂದಿಲ್ಲ. ಅಕ್ಷರ ನೋಡ್ತೇನಿ ನಾನು. ಉದ್ದನ ಸಾಲು ಬಂದ್ರ ಚಿಕ್ಕಿ ಕಾಯಿ, ಗಿಡ್ಡ ಬಂದ್ರ ಸಣ್ಣ ಕಾಯಿ. ಒಂದ ನಮೂನಿ ನಾಲ್ಕು ಸಾಲು ಬೆನ್ನಹತ್ತಿ ಬಂದ್ರ ಬಟ್ಟಲದಾಗ ಎಲಿ ಸಿಕ್ಕೈತಿ ಅಂತ. ಅದನ್ನ ಬಂದ್ ಮಾಡಿ, ಕಣ್ಣಿಗೆ ಅರಿವಿ ಕಟ್ಟಿ ಹಸರ ದಾರ ಹೊಲಿ ಅಂತೀರೇನು?"

ನಾನು ಬಾಗಿಲಲ್ಲೇ ನಿಂತೆ. ನನ್ನ ಪರೀಕ್ಷೆಗೆಂದು ಬರೆದು, ತೆಗೆಯಲು ಮರೆತಿದ್ದ ಸಾಲುಗಳನ್ನು ಈ ಹೆಂಗಸು ಓದಲು ಕಲಿತಿದ್ದರು. ಅಕ್ಷರ ಬಾರದೆ, ಬರಿಯ ಆಕಾರದಿಂದ. ನಾನು ಬರೆದ ಯಾವುದನ್ನೂ ಯಾರೂ ಇಷ್ಟು ಗಮನವಿಟ್ಟು ಓದಿದ್ದು ನನಗೆ ನೆನಪಿಲ್ಲ.

ಮಾಸ್ತರರು ಬೇರೆ ದಾರಿ ಸೂಚಿಸಿದರು: ಹಳೆಯ ಸಣ್ಣ ಮಾನಿಟರ್ ವಾಪಸು ಹಚ್ಚುವುದು. ಅದು ಯಾರದೋ ಮನೆಗೆ ಹೋಗಿತ್ತು, ಸಿಗುತ್ತಿತ್ತು. ಊದಿದ ಮೇಲೆ ಬರೆಯುವ ಹಾಗೆ ನನ್ನ ಕೋಡನ್ನು ತಿರುಗಿಸಬಹುದಿತ್ತು. ಆಗ ಈ ಕಾಯಿಗೆ ತಡವಾಗದೆ ಮುಂದಿನ ಕಾಯಿಗೆ ತಡವಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಎಲ್ಲವೂ ತೇಪೆ. ನಾನು ಲ್ಯಾಪ್‌ಟಾಪ್ ಮತ್ತೆ ಹೊರಗೆ ತೆಗೆದೆ. "ಅಕ್ಷರಾನೂ ಇರ್ತಾವ, ಪೀಪಿನೂ ತಪ್ಪೂದಿಲ್ಲ. ಸೋಮವಾರದೊಳಗ ಮಾಡಿ ಕೊಡ್ತೇನಿ," ಎಂದೆ. ಮಾಡಬಲ್ಲೆನೇ ಎಂದು ನನಗೇ ಗೊತ್ತಿರಲಿಲ್ಲ. ನನ್ನ ಕೋಡು ನನಗೆ ಗೊತ್ತು. ಪರದೆಗೆ ಬರೆಯುವ ಕರ್ನಲಿನ ಭಾಗಕ್ಕೆ ನಾನು ಆವರೆಗೆ ಕೈ ಹಾಕಿದವಳೇ ಅಲ್ಲ.

ಶನಿವಾರ ಬೆಳಿಗ್ಗೆ ಕರ್ನಲಿನೊಳಗೇ ಇರುವ ಒಂದು ಪತ್ತೇದಾರಿ ಸಾಧನವನ್ನು ಚಾಲೂ ಮಾಡಿದೆ. ಯಾವ ಕೋಡು ಯಾವುದನ್ನು ಕರೆಯಿತು, ಒಂದೊಂದೂ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಅದು ಬರೆದಿಡುತ್ತದೆ. ನನ್ನ ಒಂದು ಸಾಲಿನ ಹಿಂದೆ ಎಷ್ಟು ಮಂದಿ ದುಡಿಯುತ್ತಾರೆ ಎಂದು ಅಂದೇ ಕಂಡದ್ದು. ಸಾಲು ಮೊದಲು ಒಂದು ಕಡೆ ದಾಖಲಾಗುತ್ತದೆ, ಅಲ್ಲಿಂದ ಕನ್ಸೋಲಿಗೆ, ಅಂದರೆ ಅಕ್ಷರ ಮೂಡಿಸುವ ಭಾಗಕ್ಕೆ ಬರುತ್ತದೆ, ಅದು ಒಂದೊಂದು ಅಕ್ಷರವನ್ನೂ ಚುಕ್ಕೆಗಳಾಗಿ ಬಿಡಿಸುತ್ತದೆ, ಚುಕ್ಕೆಗಳು ಡ್ರೈವರ್ ಎಂಬ ಕೋಡಿನ ಮೂಲಕ ಕಂಪ್ಯೂಟರಿನಲ್ಲಿ ಟೀವಿಗೆ ಚಿತ್ರ ಕಳಿಸುವ ಚಿಪ್ಪಿಗೆ ಹೋಗುತ್ತವೆ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ. ಆದರೆ ಪರದೆ ತುಂಬಿದ ಮೇಲೆ ಒಂದೇ ಒಂದು ಕೆಲಸಕ್ಕೆ ಸೆಕೆಂಡಿನ ಮೂರನೇ ಒಂದು ಪಾಲು ಹೋಗುತ್ತಿತ್ತು. ಅಷ್ಟರಲ್ಲಿ ಎರಡು ಬಟ್ಟಲು ದಾಟುತ್ತವೆ.

ಆ ಕೆಲಸ ಏನೆಂದು ಕೋಡಿನಲ್ಲಿ ಓದಿದೆ. ಟೀವಿಯ ಪ್ರತಿಯೊಂದು ಚುಕ್ಕೆಯ ಬಣ್ಣವೂ ಚಿತ್ರದ ಚಿಪ್ಪಿನ ಮೆಮೊರಿಯಲ್ಲಿ ಬರೆದಿರುತ್ತದೆ. ಅಲ್ಲಿಗೆ ಬರೆಯುವುದು ಸುಲಭ. ಪ್ರೊಸೆಸರ್ ಎಸೆದು ಮುಂದೆ ಹೋಗುತ್ತದೆ. ಅಲ್ಲಿಂದ ಓದುವುದು ಬಹಳ ಕಷ್ಟ. ಒಂದೊಂದು ತುಣುಕನ್ನೂ ಕೇಳಿ, ಉತ್ತರ ಬರುವ ತನಕ ಕೈಕಟ್ಟಿ ನಿಂತು, ಮತ್ತೆ ಮುಂದಿನದನ್ನು ಕೇಳಬೇಕು. ಪರದೆ ಒಂದು ಸಾಲು ಮೇಲೇರಬೇಕೆಂದರೆ ಕರ್ನಲ್ ಮಾಡುತ್ತಿದ್ದದ್ದು ಇಷ್ಟು: ಟೀವಿಯ ಅಷ್ಟೂ ಚುಕ್ಕೆಗಳನ್ನು ಚಿಪ್ಪಿನಿಂದ ಹಿಂದಕ್ಕೆ ಓದಿ, ಹದಿನಾರು ಚುಕ್ಕೆ ಮೇಲಕ್ಕೆ ಮತ್ತೆ ಬರೆಯುವುದು. ಲೆಕ್ಕ ಹಾಕಿದೆ. ಮೂರು ಕೋಟಿಗೂ ಮೇಲ್ಪಟ್ಟು ಬೈಟುಗಳು. ಒಂದು ಚಿಕ್ಕಿ ಬಿದ್ದ ನಿಂಬೆಗೆ, ಒಂದು ಸಾಲಿಗೆ, ಮೂರು ಕೋಟಿ ಬೈಟುಗಳನ್ನು ಆ ಬಡಪಾಯಿ ಹೊತ್ತು ತಂದು ಹೊತ್ತು ಹಾಕುತ್ತಿತ್ತು, ತಕರಾರಿಲ್ಲದೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ಹಳೆಯ ಮಾನಿಟರಿನಲ್ಲಿ ಚುಕ್ಕೆಗಳು ಕಡಿಮೆ, ತಡವಾದರೂ ಬಟ್ಟಲು ದಾಟುವಷ್ಟು ಆಗುತ್ತಿರಲಿಲ್ಲ. ಮಾಸ್ತರರ ದೊಡ್ಡ ಟೀವಿ ಬಂದದ್ದೇ ಎಲ್ಲ ಮೇಲಕ್ಕೆ ಬಂತು.

ನನಗೆ ಸಿಟ್ಟು ಬರಲಿಲ್ಲ, ಬೆರಗಾಯಿತು. ಇಷ್ಟು ದಿನ ಆ ಅಕ್ಷರಗಳು ತಾವಾಗಿಯೇ ಏರುತ್ತವೆ ಎಂದುಕೊಂಡಿದ್ದೆ.

ಇನ್ನೂ ಕೆಳಗೆ ಓದಿದಾಗ ಎರಡನೇ ಬೆರಗು ಕಾದಿತ್ತು. ಕರ್ನಲ್ ಬರೆದವರಿಗೆ ಇದು ಗೊತ್ತಿತ್ತು! ಮೇಲೇರಿಸಲು ಅವರು ಎರಡು ದಾರಿ ಇಟ್ಟಿದ್ದರು. ಒಂದು, ಈ ಓದಿ ಬರೆಯುವ ದಾರಿ. ಇನ್ನೊಂದರಲ್ಲಿ ಚಿಪ್ಪಿನಿಂದ ಏನನ್ನೂ ಓದುವುದೇ ಬೇಡ. ಯಾವ ಜಾಗದಲ್ಲಿ ಯಾವ ಅಕ್ಷರವಿದೆ ಎಂಬ ಪಟ್ಟಿ ಕರ್ನಲಿನ ಹತ್ತಿರವೇ ಇರುತ್ತದೆ. ಅದನ್ನು ನೋಡಿ, ಮೊದಲಿದ್ದ ಅಕ್ಷರಕ್ಕೂ ಈಗ ಬರಬೇಕಾದ ಅಕ್ಷರಕ್ಕೂ ವ್ಯತ್ಯಾಸವಿದ್ದಲ್ಲಿ ಮಾತ್ರ ಹೊಸದಾಗಿ ಬಿಡಿಸುವುದು. ನನ್ನ ಸಾಲುಗಳು ಒಂದರಂತೆ ಇನ್ನೊಂದು, ಬದಲಾಗುವುದು ನಾಲ್ಕಾರು ಅಂಕಿ ಮತ್ತು ಸಾಲಿನ ತುದಿ ಅಷ್ಟೇ. ಎಂಥ ಉಳಿತಾಯ! ಯಾವ ದಾರಿ ಹಿಡಿಯಬೇಕೆಂದು ಕರ್ನಲ್ ತಾನು ಅಳೆದು ನೋಡುವುದಿಲ್ಲ. ಡ್ರೈವರನ್ನು ಕೇಳುತ್ತದೆ: ನಿನ್ನ ಚಿಪ್ಪಿನಿಂದ ಓದುವುದು ವೇಗವೇ? ಡ್ರೈವರ್ ಹೌದೆಂದರೆ ನಂಬಿ ಮೊದಲ ದಾರಿ ಹಿಡಿಯುತ್ತದೆ. ನಮ್ಮ ಚಿಪ್ಪಿನ ಡ್ರೈವರ್ ಹೌದು ಎಂದಿತ್ತು. ಅದನ್ನು ಬರೆದವರು ಯಾರೋ ಬೇರೆ ಚಿಪ್ಪಿನ ಕೋಡಿನಿಂದ ಎತ್ತಿಕೊಳ್ಳುವಾಗ ಆ ಒಂದು ಪದವೂ ಜೊತೆಗೆ ಬಂದಿರಬೇಕು.

ತೆಗೆಯಬೇಕಾದದ್ದು ಒಂದು ಪದ. ಒಂದೇ ಒಂದು.

ತೆಗೆದು, ಹೊಸ ಕರ್ನಲ್ ಕಟ್ಟಲು ಹಚ್ಚಿದೆ. ಭಾನುವಾರ ಮುಂಜಾನೆ ಅದನ್ನು ಯಂತ್ರಕ್ಕೆ ಹಾಕಿದರೆ ಕ್ಯಾಮೆರಾ ಸತ್ತಿತ್ತು. ಕ್ಯಾಮೆರಾದ ಭಾಗವನ್ನು ಸೇರಿಸಲು ಮರೆತಿದ್ದೆ. ಬೆರಗಿನಲ್ಲಿ ಮುಳುಗಿದ್ದಕ್ಕೆ ಶಿಕ್ಷೆ. ಹಳೆಯ ಕರ್ನಲನ್ನು ಅಳಿಸದೆ ಪಕ್ಕದಲ್ಲೇ ಇಟ್ಟಿದ್ದರಿಂದ ಅದಕ್ಕೆ ಮರಳಿದೆ, ಮತ್ತೆ ಕಟ್ಟಿದೆ. ಹೊರಗೆ ಕಾಯಿ ತಂದವರು ಬಿಸಿಲಲ್ಲಿ ಕಾಯುತ್ತಿದ್ದರು. ಮೇಸ್ತ್ರಿ ನನ್ನ ಬೆನ್ನ ಹಿಂದೆ ಓಡಾಡುತ್ತ, "ಬಾಯಾರ, ಸ್ಪ್ರಿಂಗ್ ಇನ್ನೊಮ್ಮೆ ನೋಡ್ಲೇನ್ರಿ?" ಎಂದು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಎಲ್ಲವೂ ಸೇರಿ ಎದ್ದಿತು. ಅಕ್ಷರಗಳು ಮೇಲಿನಿಂದ ಬರತೊಡಗಿದವು. ಈ ಸಲ ಯಾರೂ ಜೋರಾಗಿ ಎಣಿಸಲಿಲ್ಲ, ಆದರೆ ಎಲ್ಲರ ತುಟಿಯೂ ಅಲುಗುತ್ತಿತ್ತು. ಸಾಲು ತಳ ಮುಟ್ಟಿತು. ಮುಂದಿನದು ಬಂತು, ಪರದೆ ಮೇಲೇರಿತು, ಚಿಕ್ಕಿಯ ಕಾಯಿ ಪೀಪಿಯ ಎದುರಿಗೆ ಬಂತು, ಪುಸ್. ಅದೇ ಕಾಯಿ ಹಾರಿತು. ಆಮೇಲಿನದೂ, ಅದರಾಚೆಯದೂ. ಪತ್ತೇದಾರಿ ಸಾಧನದಲ್ಲಿ ನೋಡಿದೆ: ಸೆಕೆಂಡಿನ ಮೂರನೇ ಒಂದು ಪಾಲು ಇದ್ದದ್ದು ಎಷ್ಟು ಸಣ್ಣದಾಗಿತ್ತೆಂದರೆ ಮೊದಲು ನಾನು ತಪ್ಪು ಸಾಲು ಓದುತ್ತಿದ್ದೇನೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮಾಸ್ತರರು ಟೀವಿಗೆ ಹತ್ತಿರ ಹೋಗಿ ನಿಂತು ನೋಡಿದರು. "ಈಗ ಅಂಕಿ ಅಷ್ಟ ಬದಲಾಗ್ತಾವಲ್ಲಾ, ಉಳದದ್ದು ನಿಂತಲ್ಲೇ ನಿಂತಂಗ ಕಾಣತೈತಿ," ಎಂದರು. ವಿಜ್ಞಾನದ ಮಾಸ್ತರರು, ಕಣ್ಣು ಸೂಕ್ಷ್ಮ.

ಚಾಚಿ ಸಂಜೆಯ ತನಕ ಟೀವಿಯನ್ನೂ ಡೋಣಿಯನ್ನೂ ನೋಡುತ್ತ ಕೂತರು. ಒಂದು ಸಲ ಎದ್ದು ಹೋಗಿ ಒಂದು ಬಟ್ಟಲಿನಿಂದ ಒಣಗಿದ ಎಲೆಯೊಂದನ್ನು ಕಿತ್ತು ಬಂದರು. ನಾಲ್ಕು ಒಂದೇ ಥರದ ಸಾಲು ಬಂದದ್ದು ನನಗೆ ಕಂಡೇ ಇರಲಿಲ್ಲ.

ಸೋಮವಾರ ಮಾಸ್ತರರು ಬಿಳಿ ದಾರದ ಉಂಡೆ ತಂದಿದ್ದರು. ಚಾಚಿ ಅದನ್ನು ಮುಟ್ಟದೆ ಹಸಿರು ದಾರ ಪೋಣಿಸಿಕೊಂಡು ಕೂತರು. "ಮಾಸ್ತರ, ಇವತ್ತಿನ ಚೀಲ ನೀವ ಸುರುವಿ ನೋಡ್ರಿ. ಒಂದ ಚಿಕ್ಕಿ ಕಾಯಿ ಸಿಕ್ರ ನಾ ಎದ್ದು ಮನಿಗೆ ಹೊಕ್ಕೇನಿ." ಮಾಸ್ತರರು ಖರೇನೇ ಮೂರು ಚೀಲ ಸುರಿದರು, ಚಾಪೆಯ ಮೇಲೆ, ಮೊಣಕಾಲೂರಿ. ನೋಡಿ ಮುಗಿದ ಮೇಲೆ ತಾವೇ ತುಂಬಿ ಕೊಟ್ಟರು. ಬಿಳಿ ಉಂಡೆಯನ್ನು ಜೇಬಿಗೆ ಹಾಕಿಕೊಂಡು, "ಚುಕ್ಲಂ ಮಾಝಂ, ನಂದ ತಪ್ಪಾತು ಚಾಚಿ" ಎಂದರು. ಆ ವಾರ ಪೇಟೆಯಲ್ಲಿ ಹಸಿರು ದಾರದ ಚೀಲವನ್ನು ಒಬ್ಬರೋ ಇಬ್ಬರೋ ಬಿಚ್ಚಿ ನೋಡಿದರಂತೆ. ಅದರ ಮುಂದಿನ ವಾರ ಯಾರೂ ಬಿಚ್ಚಲಿಲ್ಲ.

ನನ್ನ ಕೆಲಸ ಇನ್ನೊಂದು ಉಳಿದಿತ್ತು. ಆ ಡ್ರೈವರ್ ನಮ್ಮ ಶೆಡ್ಡಿನದಷ್ಟೇ ಅಲ್ಲ. ಆ ಚಿಪ್ಪು ಇರುವ ಎಲ್ಲ ಕಡೆಯೂ ಅದೇ ತಪ್ಪು ನಡೆಯುತ್ತಿರುತ್ತದೆ. ಕರ್ನಲನ್ನು ನೋಡಿಕೊಳ್ಳುವವರಿಗೆ ತಿದ್ದುಪಡಿ ಕಳಿಸಬೇಕು, ಅವರು ಒಪ್ಪಿದರೆ ಅದು ಎಲ್ಲರಿಗೂ ಹೋಗುತ್ತದೆ. ಅಲ್ಲಿಯ ರೂಢಿಯಂತೆ ತಿದ್ದುಪಡಿಯ ಕೆಳಗೆ ತಿದ್ದಿದವರ ಹೆಸರು ಬರೆಯಬೇಕು, ಅದಕ್ಕಿಂತ ಮೇಲೆ ತಪ್ಪನ್ನು ಮೊದಲು ಕಂಡು ಹೇಳಿದವರ ಹೆಸರು. ಆ ಸಾಲು ಅಲ್ಲಿಂದ ಮುಂದೆ ಕರ್ನಲಿನ ಚರಿತ್ರೆಯಲ್ಲಿ ಉಳಿಯುತ್ತದೆ, ಯಾರೂ ಅಳಿಸುವುದಿಲ್ಲ.

ಕೇಳದೆ ಬರೆಯುವುದು ಸರಿಯಲ್ಲ. ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಚಾಚಿಯ ಮೇಜಿನ ಪಕ್ಕ ಕೂತೆ. ತಿದ್ದುಪಡಿ ತೋರಿಸಿದೆ: ಅಳಿಸಿದ ಒಂದು ಪದ, ಅದರ ಮೇಲೆ ನಾನು ಬರೆದ ಎರಡು ಪ್ಯಾರಾ ವಿವರಣೆ, ಕೆಳಗೆ ಒಂದು ಖಾಲಿ ಜಾಗ.

"ಇಲ್ಲಿ ನಿಮ್ಮ ಹೆಸರು ಹಾಕಬೇಕಂತ ಮಾಡೇನ್ರಿ. ತಪ್ಪು ಮೊದಲ ಕಂಡವರು ನೀವು."

ಚಾಚಿ ಕೈಯ ನಿಂಬೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಪರದೆಯನ್ನು ಬಹಳ ಹೊತ್ತು ನೋಡಿದರು. "ಇದನ್ನ ಯಾರ ಓದ್ತಾರ?"

"ಗೊತ್ತಿಲ್ರಿ. ಬ್ಯಾರೆ ಬ್ಯಾರೆ ದೇಶದಾಗ ಕೆಲಸ ಮಾಡೂ ಮಂದಿ. ನಾ ಅವರನ್ನ ನೋಡೇ ಇಲ್ಲ."

"ಅವರೂ ನನ್ನ ನೋಡಿಲ್ಲ."

"ಇಲ್ರಿ."

"ನಾಳೆ ಯಾರರ ಇದು ತಪ್ಪೈತಿ ಅಂದ್ರ? ನನ್ನ ಕೇಳ್ತಾರೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೇಳಬಹುದು ಚಾಚಿ. ಆ ಸಾಲು ಇರೂದ ಅದಕ್ಕ."

ಅವರು ನೆಟ್ಟಗೆ ಕೂತರು.

"ಹಂಗಾದ್ರ ಬರಿ. ಅಪ್ಪನ ಹೆಸರೂ ಕೂಡಿಸಿ ಪೂರಾ ಬರಿ."